ಮರಿ ಟ್ರ್ಯಾಕ್ಟರಿಗೆ ಗೊಟ್ಟ

ಮೂವತ್ನಾಲ್ಕು ವರ್ಷ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರಾದ ದಿನ ಎಲ್ಲರ ಗಂಡಂದಿರೂ ಮನೆಗೆ ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರ ತಂದರು. ನಮ್ಮವರು ಅವುಗಳ ಜೊತೆಗೆ ಒಂದು ಸತ್ತ ಟ್ರ್ಯಾಕ್ಟರನ್ನೂ ತಂದರು.

ಸತ್ತದ್ದು ಎಂದು ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ಸಾಹೇಬರ ಬಂಗಲೆಗಳ ಹಿಂದೆ ಬೇವಿನ ಮರದ ಕೆಳಗೆ ಅದು ಹದಿನೈದು ವರ್ಷ ಬಿದ್ದಿತ್ತು. ಅದರ ಹೊಟ್ಟೆಯಲ್ಲಿ ಒಂದು ನಾಯಿ ಮೂರು ಸಲ ಮರಿ ಹಾಕಿತ್ತು, ಸೀಟಿನಲ್ಲಿ ಅಣಬೆ ಎದ್ದಿತ್ತು. ಹಿಂದೊಂದು ಕಾಲದಲ್ಲಿ ಕಾಲೊನಿಯ ಹುಲ್ಲು ಕತ್ತರಿಸಲು ಯಾವುದೋ ಪರದೇಶದಿಂದ ತರಿಸಿದ್ದ ಗಾರ್ಡನ್ ಟ್ರ್ಯಾಕ್ಟರ್ ಅದು. ಎತ್ತರ ನನ್ನ ಸೊಂಟಕ್ಕೆ, ಅಗಲ ಎರಡೂವರೆ ಫೂಟು. ವಾಡಿ ಊರಿನ ನಮ್ಮ ಓಣಿಯವರೆಲ್ಲ ಬಂದು ನೋಡಿ, ದೊಡ್ಡ ಟ್ರ್ಯಾಕ್ಟರ್ ಹಡೆದ ಮರಿ ಇದು ಎಂದು ನಕ್ಕು ಹೋದರು. ಅಂದಿನಿಂದ ಅದಕ್ಕೆ ಮರಿ ಎಂದೇ ಹೆಸರಾಯಿತು.

ನಮ್ಮವರ ಹೆಸರು ಅಣವೀರ, ಕೆಲಸ ಫಿಟ್ಟರ್. ಮುಂದಿನ ಮೂರು ವರ್ಷ ಅವರು ಮರಿಯನ್ನು ಬಿಚ್ಚಿದರು, ತಿಕ್ಕಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ರೊಟ್ಟಿ ಬುಟ್ಟಿಯಲ್ಲಿ ನಟ್ಟು, ಉಪ್ಪಿನಕಾಯಿ ಭರಣಿಯಲ್ಲಿ ಬೋಲ್ಟು. ಒಂದು ದಿನ ಬೇಳೆ ಬೇಯಿಸಲು ಹೋದರೆ ಕುಕ್ಕರಿನಲ್ಲಿ ಒಂದು ಬೇರಿಂಗ್ ಗ್ರೀಸ್ ಬಿಡುತ್ತಾ ಕುಳಿತಿತ್ತು. ಅಂದು ನಾನು ಎತ್ತಿದ ದನಿ ಜಂಕ್ಷನ್ನಿನಲ್ಲಿ ನಿಂತ ಗೂಡ್ಸ್ ಗಾಡಿಗೂ ಕೇಳಿರಬೇಕು. ಈ ಮನುಷ್ಯ ಮಾತ್ರ ತಲೆ ಎತ್ತದೆ, "ಹೊಸಾ ಕುಕ್ಕರ್ ಕೊಡಸ್ತೀನಿ, ಅದಕ್ಕ ಮುಟ್ಟಬ್ಯಾಡ, ಇನ್ನಾ ಅರ್ಧ ತಾಸ್ ಕುದೀಬೇಕು" ಎಂದ.

ಸಿಗದ ಭಾಗಗಳನ್ನು ಶಹಾಬಾದಿನ ಗುಲಾಮ ದಸ್ತಗೀರ ತನ್ನ ಲೇತಿನ ಮೇಲೆ ಕಡೆದು ಕೊಟ್ಟ. ಅವನಿಗೂ ನಮ್ಮವರಿಗೂ ನಲವತ್ತು ವರ್ಷದ ದೋಸ್ತಿ. ಒಂದು ತುಕ್ಕು ಹಿಡಿದ ವಾಷರನ್ನು ಬೆಳಕಿಗೆ ಹಿಡಿದು ಇಬ್ಬರೂ ಕಾಲು ತಾಸು ನೋಡುತ್ತ ನಿಲ್ಲುತ್ತಾರೆ. ಕನ್ಯೆ ನೋಡಲು ಬಂದ ದಿನ ನಮ್ಮವರು ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಕೊನೆಗೂ ಅದು ಎದ್ದಿತು. ಒಂದು ಬೋಲ್ಟಿನ ಕೆಳಗೆ ಉಗುರಿನಷ್ಟು ಹಳೆಯ ಬಣ್ಣ ಉಳಿದಿತ್ತು. ಅದನ್ನು ನೋಡಿ ನೋಡಿ ಅದೇ ಕೆಂಪು ಕಲೆಸಿ ಹಚ್ಚಿದರು. ಮರಿ ಟಪ್ ಟಪ್ ಎಂದು ಮೊದಲ ಹೊಗೆ ಬಿಟ್ಟಾಗ ನಮ್ಮವರ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಯಿತು. ನನಗೆ ಗೊತ್ತಿದ್ದ ಕುಂದು ಒಂದೇ ಉಳಿದಿತ್ತು. ರೇಡಿಯೇಟರ್ ಸೋರುತ್ತಿತ್ತು. ಐದು ನಿಮಿಷ ಓಡಿದರೆ ನೀರೆಲ್ಲ ನೆಲಕ್ಕೆ, ಯಾವ ಸಂದಿಯಿಂದ ಎಂದು ಇಬ್ಬರು ಪಂಡಿತರಿಗೂ ಗೊತ್ತಾಗಲಿಲ್ಲ.

ಸುದ್ದಿ ಫ್ಯಾಕ್ಟರಿಗೆ ಮುಟ್ಟಿ ಹೊಸ ಸಾಹೇಬರೊಬ್ಬರು ಮನೆಗೇ ಬಂದರು. ಆಗಸ್ಟ್ ಹದಿನೈದಕ್ಕೆ ಗೇಟಿನ ಮುಂದೆ ಕಟ್ಟೆ ಕಟ್ಟಿಸಿ ಇದನ್ನು ನಿಲ್ಲಿಸುತ್ತೇವೆ, ಶಹಾಬಾದ್ ಕಲ್ಲಿನ ಮೇಲೆ ನಿಮ್ಮ ಹೆಸರು ಕೆತ್ತಿಸುತ್ತೇವೆ ಎಂದರು. ಷರತ್ತು ಇಷ್ಟೇ: ಒಂದು ಗೀರೂ ಇಲ್ಲದೆ ಹೊಸದರಂತಿರಬೇಕು, ಧ್ವಜ ಏರಿಸಿದ ಮೇಲೆ ಒಂದು ಸುತ್ತು ಓಡಬೇಕು. ಮೂವತ್ನಾಲ್ಕು ವರ್ಷ ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಹೆಸರು ಕಾಣದಿದ್ದ ನಮ್ಮವರು ಅಂದಿನಿಂದ ಕನ್ನಡಿಯ ಮುಂದೆ ನಿಂತು ಮೀಸೆ ತಿದ್ದಿಕೊಳ್ಳತೊಡಗಿದರು. ಮರಿಗೆ ಹೊದಿಸಲು ನನ್ನ ಮದುವೆಯ ಚಾದರ ತೆಗೆದುಕೊಂಡರು.

ಇನ್ನು ನನ್ನ ಸಂಗತಿ. ನನ್ನ ತವರು ಚಿತ್ತಾಪುರದ ಕಡೆ, ಕಾಗಿಣಾ ನದಿ ದಂಡೆಯ ಹಳ್ಳಿ. ನಮ್ಮ ಹಿರಿಯರು ಹೊಳೆ ದಾಟಿಸುವವರು, ಮೀನು ಹಿಡಿಯುವವರು. ಹೊಲ ಎಂಬುದನ್ನು ನಮ್ಮ ಮನೆತನ ಕಂಡದ್ದೇ ಅಪ್ಪನ ಕಾಲಕ್ಕೆ. ಅಪ್ಪ ಸಾಯುವ ಮುಂಚೆ ಮೂರೆಕರೆ ಎರೆಭೂಮಿ ನನ್ನ ಹೆಸರಿಗೆ ಮಾಡಿದ್ದ. ನಮ್ಮ ಕಡೆ ಹೆಣ್ಣುಮಕ್ಕಳ ಪಾಲೆಂದರೆ ಪಂಚಮಿ ಹಬ್ಬಕ್ಕೆ ಒಂದು ಸೀರೆ, ಒಂದು ಬುಟ್ಟಿ ಉಂಡಿ, ಆಮೇಲೆ ಹಕ್ಕು ಬಿಟ್ಟೆ ಎಂದು ಕಚೇರಿಯಲ್ಲಿ ಒಂದು ಸಹಿ. ಸಹಿ ಮಾಡಿದವಳು ಒಳ್ಳೆಯ ಅಕ್ಕ. ನಾನು ಇನ್ನೂ ಒಳ್ಳೆಯವಳಾಗಿರಲಿಲ್ಲ.

ನನ್ನ ತಮ್ಮ ಜಟ್ಟೆಪ್ಪ. ನಾನೇ ಬಗಲಲ್ಲಿ ಎತ್ತಿ ಆಡಿಸಿದ ಕೂಸು, ಈಗ ಕಾರಿನಲ್ಲಿ ಓಡಾಡುವ ಲೇಬರ್ ಕಂತ್ರಾಟುದಾರ. ಅವನ ಹೊಲವನ್ನು ಆಳುಗಳು ನೋಡಿಕೊಳ್ಳುತ್ತಾರೆ, ಅವನು ಬದುವಿನ ಮೇಲೆ ನಿಂತು ಫೋನು ನೋಡಿಕೊಳ್ಳುತ್ತಾನೆ. ಜೂನಿನಲ್ಲಿ ನಾನು ಬಾಡಿಗೆ ಟ್ರ್ಯಾಕ್ಟರಿನಿಂದ ನನ್ನ ಮೂರೆಕರೆಗೆ ತೊಗರಿ ಬಿತ್ತಿಸಿದ ದಿನ ನಾಲ್ಕು ಮಂದಿಯ ಮುಂದೆ ಅವನು ಮಾತು ತೆಗೆದ.

"ಅಕ್ಕಾ, ಬಿತ್ತೋದೇನ್ ದೊಡ್ಡ ಮಾತಲ್ಲ. ಒಕ್ಕಲುತನ ನಿನಗೇನ್ ತಿಳೀತದ? ನಿನ್ನ ಹೊಲದಾಗಿನ ಕಸ ನಾಳಿಗಿ ನನ್ನ ಹೊಲಕ್ಕ ಬರ್ತದ. ಪಂಚಮಿಗಿ ನಿನಗ ಕರಿಲಾಕ ಬರ್ತೀನಲ್ಲ, ಹಬ್ಬದ ದಿನ ಹೊಲದಾಗ ಕಸ ಕಂಡಿತಂದ್ರ ಸಹಿ ಮಾಡಿಬಿಡು."

"ಕಾಣಲಿಲ್ಲಂದ್ರ?"

"ಕಾಣಲಿಲ್ಲಂದ್ರ ನಾ ಮತ್ತ ಆ ಮಾತೇ ಎತ್ತಂಗಿಲ್ಲ."

ಸುಮ್ಮನೆ ಇರಬಹುದಿತ್ತು. ಆದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಆಯ್ತು ನಡಿ, ಮಾತಂದ್ರ ಮಾತು" ಎಂದುಬಿಟ್ಟೆ.

ಜುಲೈನಲ್ಲಿ ಹನ್ನೆರಡು ದಿನ ಬಿಡದೆ ಮಳೆ. ಹೊಲದಲ್ಲಿ ಕಾಲಿಟ್ಟರೆ ಮೊಣಕಾಲಿನ ತನಕ ಕೆಸರು. ಮಳೆ ಬಿಟ್ಟು ನಾಲ್ಕೈದು ದಿನ ಬಿಸಿಲು ಬಿದ್ದು ನೆಲ ಆರಿದ ಮೇಲೆ ಶನಿವಾರ ಹೋಗಿ ನೋಡಿದರೆ ತೊಗರಿ ಮೊಣಕಾಲುದ್ದ, ಕಳೆ ಅದಕ್ಕಿಂತ ಒಂದು ಗೇಣು ಮೇಲೆ. ಪಂಚಮಿ ಮಂಗಳವಾರ. ಅಂದು ನೆಲಕ್ಕೆ ಕಬ್ಬಿಣ ತಾಗಿಸುವ ಹಾಗಿಲ್ಲ. ಇದ್ದದ್ದು ಎರಡೇ ದಿನ. ಸಾಲುಗಳ ನಡುವೆ ಎತ್ತಿನಿಂದ ಕುಂಟೆ ಎಳೆಸಿ ಕಳೆ ಕಡಿಯುವುದನ್ನು ನಾವು ಎಡೆ ಹೊಡೆಯುವುದು ಎನ್ನುತ್ತೇವೆ. ಊರಿನಲ್ಲಿ ಉಳಿದಿರುವುದು ಏಳು ಜೋಡಿ ಎತ್ತು. ಏಳನ್ನೂ ಭಾನುವಾರದ ಕೆಲಸಕ್ಕೆ ಬೇರೆಯವರು ಮೊದಲೇ ಮಾತಾಡಿಬಿಟ್ಟಿದ್ದರು. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕೂಲಿಗೆ ಹೆಣ್ಣಾಳು ಒಬ್ಬಳೂ ಸಿಗಲಿಲ್ಲ. ದೊಡ್ಡ ಟ್ರ್ಯಾಕ್ಟರ್ ಇಳಿಸಿದರೆ ಕಳೆಯ ಜೊತೆ ತೊಗರಿಯೂ ಮಲಗುತ್ತದೆ, ಯಾಕೆಂದರೆ ಸಾಲು ಮೂರು ಫೂಟು.

ವಾಡಿಗೆ ಮರಳುವ ಬಸ್ಸಿನಲ್ಲಿ ಹೊಳೆಯಿತು. ಸಾಲು ಮೂರು ಫೂಟು, ಮರಿ ಎರಡೂವರೆ ಫೂಟು.

ನಾನು ಮನೆಗೆ ಬಂದಾಗ ನಮ್ಮವರು ಹಳೆಯ ಬನಿಯನ್ ಚೂರಿನಿಂದ ಮರಿಯ ಹೆಡ್‌ಲೈಟ್ ಒರೆಸುತ್ತಿದ್ದರು.

"ಏನ್ರಿ, ಮರಿಗಿ ಹೊಲಕ್ಕ ಒಯ್ಯೋಣು. ಹಿಂದ ಒಂದು ಕುಂಟಿ ಕಟ್ಟಿಕೊಡ್ರಿ" ಎಂದೆ.

ಕೈಯಲ್ಲಿದ್ದ ಚೂರು ಅಲ್ಲೇ ನಿಂತಿತು. "ಹುಚ್ಚ ಹಿಡದದೇನ್ ನಿನಗ? ಇದರೊಳಗಿನ ದೊಡ್ಡ ಗೇರಿನ ಹಲ್ಲು ಸವದಾವ. ದಸ್ತಗೀರ ಏನ್ ಹೇಳ್ಯಾನ? ಆರಾಮ ತಿರುಗಾಡಿಸಿದ್ರ ಹತ್ತ ವರ್ಷ, ಹೊಲಕ್ಕ ಹಾಕಿದ್ರ ಹತ್ತ ತಾಸು. ಅದು ಮುರೀತಂದ್ರ ಅಂಥಾದ್ ಇನ್ನೊಂದ್ ಈ ದುನಿಯಾದಾಗ ಸಿಗಂಗಿಲ್ಲ."

"ಟ್ರ್ಯಾಕ್ಟರ್ ಹೊಲಕ್ಕ ಹೋಗಲಾರದ ಮತ್ತೆಲ್ಲಿಗಿ ಹೋಗ್ತದ್ರಿ, ಮದಿವಿಗಿ?"

"ಇದು ಗಾರ್ಡನ್ ಟ್ರ್ಯಾಕ್ಟರ್. ಹುಲ್ಲ ಕತ್ತರಿಸೋದು."

"ನನ್ನ ಹೊಲದಾಗೂ ಹುಲ್ಲೇ ಅದ, ಬರ್ರಿ ತೋರಸ್ತೀನಿ!"

"ಹದಿನೈದನೇ ತಾರೀಖ ಆಗಲಿ, ಆಮ್ಯಾಲ ನೋಡಮು."

"ಹದಿನೈದನೇ ತಾರೀಖಿಗಿ ಅದು ಜಟ್ಟೆಪ್ಪನ ಹೊಲ ಆಗಿರ್ತದ. ನಿಮ್ಮ ಹೆಸರು ಕಲ್ಲಿನ ಮ್ಯಾಲ ಬರೀಲಿ ಅಂತ ನನ್ನ ಹೆಸರು ಪಹಣ್ಯಾಗಿಂದ ಅಳಸಬೇಕೇನು? ನೀವು ಬರಲಿಲ್ಲಂದ್ರ ಬಿಡ್ರಿ, ನಾನೇ ಹೂಡತೀನಿ ಇದಕ್ಕ!"

ನಮ್ಮವರು ಮರಿಗೆ ಚಾದರ ಹೊದಿಸಿ ಒಳಗೆ ಹೋದರು. ಮರುದಿನ ಮುಂಜಾನೆ ಚಹಾ ಸಹ ಕುಡಿಯದೆ, ರೇಡಿಯೇಟರಿನ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಂಡು ಶಹಾಬಾದಿನ ರೈಲು ಹತ್ತಿದರು. ಸಿಟ್ಟು ಬಂದರೆ ಅವರು ದಸ್ತಗೀರನ ಲೇತಿನ ಮುಂದೆ ಹೋಗಿ ಕೂಡುತ್ತಾರೆ. ಮುಚ್ಚಳ ಒಂದು ನೆಪ.

ಮನೆಯಲ್ಲಿ ನಾನು ಕೂಗಾಡಿದ್ದನ್ನು ಇನ್ನೊಬ್ಬರು ಕೇಳಿದ್ದರು. ನಮ್ಮ ಅತ್ತೆ ಹಣಮಮ್ಮ, ಎಂಬತ್ತನಾಲ್ಕು ವಯಸ್ಸು, ಎರಡೂ ಕಣ್ಣಿಗೆ ಪೊರೆ. ಜೀವಮಾನವಿಡೀ ಎತ್ತು ಸಾಕಿದವರು. ಮರಿ ಬಂದಾಗಿನಿಂದ ದಿನಾ ಮುಂಜಾನೆ ಅದರ ಹಣೆಗೆ ವಿಭೂತಿ ಹಚ್ಚಿ ಬೆನ್ನು ಸವರಿ ಬರುತ್ತಿದ್ದರು. ಹೂಡುತ್ತಾರೆ ಎಂಬುದೊಂದು ಅವರ ಕಿವಿಗೆ ಬಿತ್ತು, ಸಾಕಾಯಿತು. ಹೂಡುವ ಎತ್ತಿಗೆ ಹಿಂದಿನ ದಿನ ಗೊಟ್ಟ ಹಾಕಬೇಕಲ್ಲ! ತತ್ತಿ, ಅರಿಶಿಣ ಕಲಸಿ ಬಿದಿರಿನ ಕೊಳವೆಯಲ್ಲಿ ತುಂಬಿ ಎತ್ತಿನ ಗಂಟಲಿಗೆ ಸುರಿದರೆ ಮೈಗೆ ಬಲ ಬರುತ್ತದೆ. ಆ ಕೊಳವೆಗೂ ಆ ಔಷಧಕ್ಕೂ ಗೊಟ್ಟ ಎಂದೇ ಹೆಸರು.

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಬಂದು ನೋಡಿದರೆ ಅತ್ತೆ ಬಲಗೈಯಲ್ಲಿ ಕೊಳವೆ ಹಿಡಿದು, ಎಡಗೈಯಿಂದ ಪಾತ್ರೆಯ ತಳ ಬಳಿಯುತ್ತಿದ್ದರು. ಕಾಲ ಹತ್ತಿರ ಎಂಟು ತತ್ತಿಯ ಸಿಪ್ಪೆ. ಮರಿಯ ಬಾಯಿ ಎಂದು ಅವರು ಹುಡುಕಿಕೊಂಡದ್ದು ಮುಚ್ಚಳವಿಲ್ಲದ ರೇಡಿಯೇಟರ್.

"ಗಟಗಟಾ ಕುಡೀತ್ ನೋಡವ್ವ, ಭಾಳ ಹಸದಿತ್ತು ಪಾಪ" ಎಂದರು ಅತ್ತೆ.

ನನಗೆ ನಗು ಬಂತು. ಆಮೇಲೆ ನಮ್ಮವರ ನೆನಪಾಯಿತು. ಆಮೇಲೆ ಮತ್ತೆ ನಗು ಬಂತು.

ಮಧ್ಯಾಹ್ನ ನಮ್ಮವರು ದಸ್ತಗೀರನನ್ನು ಕರೆದುಕೊಂಡೇ ಬಂದರು. ಮರಿಯ ಮುಂದೆ ನಿಂತು ಒಳಗೆ ಇಣುಕಿ ನೋಡಿ, "ಯವ್ವಾ! ಏನ್ ಮಾಡಿದಿ ನೀ!" ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತರು. ದಸ್ತಗೀರ ಬಗ್ಗಿ ಮೂಸಿ ನೋಡಿದ.

"ಅರೆ ಭಾಯಿ, ಉಳ್ಳಾಗಡ್ಡಿ ಒಂದ್ ಬಿಟ್ರ ಆ್ಯಮ್ಲೆಟ್‌ಗಿ ಎಲ್ಲಾ ಅದ ಇದರಾಗ" ಎಂದ.

ತೊಳೆದು ತೆಗೆಯಬೇಕೆಂದರೆ ನೀರು ತುಂಬಿ ಎಂಜಿನ್ ಓಡಿಸಬೇಕಿತ್ತು. ಹಾಗೇ ಮಾಡಿದರು. ಐದು ನಿಮಿಷವಾಯಿತು. ಹತ್ತಾಯಿತು. ಮರಿ ಟಪ್ ಟಪ್ ಎನ್ನುತ್ತಲೇ ಇತ್ತು. ಓಣಿಯಲ್ಲೆಲ್ಲ ತತ್ತಿ ಬೇಯುವ ವಾಸನೆ. ಅರ್ಧ ತಾಸಿನ ಮೇಲೆ ದಸ್ತಗೀರ ಅಂಗಾತ ಮಲಗಿ ಕೆಳಗೆ ಕೈಯಾಡಿಸಿದ. ನೆಲ ಒಣಗಿತ್ತು. ಇಬ್ಬರು ಪಂಡಿತರೂ ಹುಡುಕಿ ಸೋತ ಸಂದಿಯನ್ನು ಅತ್ತೆಯ ಗೊಟ್ಟ ಹುಡುಕಿ ಮುಚ್ಚಿತ್ತು.

"ಕಲ್ಲಿನ ಖಣಿಯಾಗ ಡಂಪರ್‌ಗೆಲ್ಲಾ ನಾವೇ ಹಾಕ್ತಿದ್ವಿ ಭಾಬಿ, ಹಳದಿ, ಅಂಡಾ" ಎಂದ ದಸ್ತಗೀರ ಎದ್ದು ಬೆನ್ನಿನ ಧೂಳು ಕೊಡವುತ್ತ. "ಇದಕ್ಕೂ ಹಾಕಮು ಅಂದ್ರ ಇವ ಕೇಳಬೇಕಲ್ಲ. ಇಜ್ಜತ್ ಹೋಗ್ತದಂತ. ಅಣವೀರ, ನೀರಂತೂ ನಿಂತು. ಈಗೇನ್ ನೆವಾ ಹೇಳ್ತಿ ಹೇಳು."

"ಸವದ ಗೇರ್ ಇನ್ನಾ ಹಂಗೇ ಅದಲ್ಲ" ಎಂದರು ನಮ್ಮವರು. ಆದರೆ ದನಿ ಇಳಿದಿತ್ತು. ಎಂಜಿನ್ ಆರಿಸಿ ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು ನನ್ನ ಕಡೆ ನೋಡದೆ, ನನ್ನ ಹೆಸರು ಹಿಡಿದು ಮಾತಾಡಿದರು. "ಚಂದಾ, ಇದು ಮುರೀತಂದ್ರ ನಾ ಮುಂಜಾನಿ ಎದ್ದು ಏನ್ ಮಾಡ್ಲಿ? ರಿಟೈರ್ ಆದ ಮ್ಯಾಲ ನನಗ ಯಾರೂ ಏನೂ ಕೇಳಂಗಿಲ್ಲ. ಇದೊಂದೇ ಅದ. ನನಗ ಅಂಜಿಕಿ ಅದ."

ಮೂವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ಅಂಜಿಕೆ ಎಂಬ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿದೆ.

"ನನಗೂ ಅಂಜಿಕಿ ಅದರಿ. ನನಗಂತ ಇರೋದು ಆ ಮೂರೆಕರೆ. ಈ ಮನಿ ನಿಮ್ಮ ಹೆಸರಿಲೆ, ಪೆನ್ಶನ್ ನಿಮ್ಮ ಹೆಸರಿಲೆ. ಆ ಹೊಲದಾಗ ನಿಂತ್ರ ಮಾತ್ರ ಇದು ನಂದು ಅಂತ ಅನಸ್ತದ. ಅದು ಹೋದ್ರ ನಾ ಎಲ್ಲಿಗಿ ಹೋಗಿ ನಿಂದರಲಿ?"

ನಾನು ಒಳಗೆ ಹೋಗಿ ಚಹಾ ಇಟ್ಟೆ. ಕಣ್ಣು ಉರಿಯುತ್ತಿತ್ತು, ಒಲೆಯ ಹೊಗೆ ಎನ್ನಲು ನಮ್ಮದು ಗ್ಯಾಸು. ಚಹಾ ಕುದಿಯುವಷ್ಟರಲ್ಲಿ ಅಂಗಳದಿಂದ ವೆಲ್ಡಿಂಗಿನ ಚರಚರ ಸದ್ದು ಬಂತು. "ದಸ್ತಗೀರಾ, ಕುಂಟಿ ಅಳತಿ ಹಿಡಿ. ಎರಡೂಕಾಲ್ ಫೂಟ್ ಸಾಕು, ತೊಗರಿ ಬೇರಿಗಿ ತಾಗಬಾರದು" ಎಂದು ನಮ್ಮವರು ಹೇಳುವುದು ಕೇಳಿಸಿತು.

ಸೋಮವಾರ ಬೆಳಿಗ್ಗೆ ಛೋಟಾ ಗಾಡಿ ತಂದು ಮರಿಯನ್ನು ಏರಿಸುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ಅಡ್ಡ ನಿಂತರು.

"ಸೋಮಾರ ಎತ್ತ ಹೂಡ್ತೀರಿ? ಪಾಪ ಹತ್ತತದ!"

"ಇದು ಎತ್ತಲ್ಲರಿ ಅತ್ತಿ" ಎಂದೆ.

"ಎತ್ತಲ್ಲಂದ್ರ ನಿನ್ನಿ ಗೊಟ್ಟ ಹೆಂಗ ಕುಡೀತು?"

ದಸ್ತಗೀರನೇ ಕಾಪಾಡಿದ. "ಅಮ್ಮಾ, ಇದು ಸಾಹೇಬರ ಎತ್ತು. ಇದಕ್ಕ ರಜಾ ಐತವಾರ. ನಿನ್ನಿ ಆರಾಮ ನಿಂತಿತ್ತಲ್ಲ?" ಎಂದ. ಅತ್ತೆ ವಿಚಾರ ಮಾಡಿ ಒಪ್ಪಿದರು. ಆದರೆ ಎತ್ತಿನ ಜೊತೆ ತಾವೂ ಬರುವುದಾಗಿ ಹೇಳಿ ಗಾಡಿ ಹತ್ತಿ ಕುಳಿತೇಬಿಟ್ಟರು.

ಸೋಮವಾರವಾದ್ದರಿಂದ ಊರಿನ ಎತ್ತು ಖಾಲಿ, ಎತ್ತಿನವರೂ ಖಾಲಿ. ಅರ್ಧ ಊರು ಬದುವಿನ ಮೇಲೆ ಬಂದು ಕುಳಿತಿತ್ತು. ನಮ್ಮವರು ಠೀವಿಯಿಂದ ಮರಿಯ ಮೇಲೆ ಕುಳಿತು ಮೊದಲ ಸಾಲಿಗೆ ಇಳಿಸಿದರು. ಹತ್ತು ಹೆಜ್ಜೆ ಹೋಗಿಲ್ಲ, ಹಿಂದಿನ ಗಾಲಿ ಮಣ್ಣಿನಲ್ಲಿ ಹೂತು ನಿಂತಿತು. ಮರಿಯ ತಪ್ಪಲ್ಲ. ಕ್ಯಾಂಟೀನಿನ ಉಪ್ಪಿಟ್ಟು ತಿಂದು ಬೆಳೆಸಿದ ತೊಂಬತ್ತೈದು ಕಿಲೋ ಮೈ ಅದು.

"ನೀ ಇಳಿ, ಭಾಬಿ ಕೂಡ್ಲಿ" ಎಂದ ದಸ್ತಗೀರ.

ನಾನು ಸೀರೆಯ ಕಚ್ಚೆ ಬಿಗಿದು ಹತ್ತಿದೆ. ಮಗಳ ಸ್ಕೂಟಿ ಓಡಿಸಿದ್ದು ಬಿಟ್ಟರೆ ಬೇರೆ ವಿದ್ಯೆ ಇಲ್ಲ. ನಮ್ಮವರು ಕ್ಲಚ್ಚು ತೋರಿಸಿದರು, ಗೇರು ತೋರಿಸಿದರು, ಕೊನೆಗೆ "ಸಾವಕಾಶ" ಎಂದು ನನ್ನ ಮೊಣಕಾಲು ಮುಟ್ಟಿದರು. ಬದುವಿನ ಮೇಲಿಂದ ಒಬ್ಬ ಮುದುಕ, "ಹೆಣಮಗಳು ಯಡಿ ಹೊಡದ್ರ ಮಳಿ ಹೋಗ್ತದ!" ಎಂದು ಒದರಿದ.

"ಹೋಗಲಿ ಬಿಡೋ ಯಜಮಾನಾ, ಹನ್ನೆರಡು ದಿನ ಬಂದದ್ದು ಸಾಕಾಗಿಲ್ಲೇನು?" ಎಂದು ನಾನು ಕ್ಲಚ್ಚು ಬಿಟ್ಟೆ.

ಮರಿ ಹೊರಟಿತು. ಹಿಂದೆ ಕುಂಟೆ ಒತ್ತಿ ಹಿಡಿದು ನಮ್ಮವರು, ಸಾಲಿನ ಕೊನೆಯಲ್ಲಿ ತಿರುಗಿಸಲು ದಸ್ತಗೀರ. ಎರಡು ಸಾಲು ಸೊಟ್ಟಗೆ ಹೋದವು, ಮೂರನೆಯದು ನೆಟ್ಟಗಾಯಿತು. ಕುಂಟೆಯ ಕೆಳಗೆ ಕಳೆಯ ಬೇರು ಕಚಕಚ ಕಡಿಯುವ ಸದ್ದು ಕೇಳಿದರೆ ನನಗೆ ಜೀವ ತಂಪಾಗುತ್ತಿತ್ತು. ಹತ್ತು ಗಂಟೆಗೆ ಒಂದೆಕರೆ, ಊಟದ ಹೊತ್ತಿಗೆ ಎರಡು. ತೊಗರಿ ಕಡ್ಡಿಗಳು ತೀಡಿ ತೀಡಿ ಮರಿಯ ಕೆಂಪು ಬಣ್ಣದ ಮೇಲೆ ಗೀರು ಎದ್ದವು, ಹೆಡ್‌ಲೈಟಿಗೆ ಕೆಸರು ಹತ್ತಿತು. ನಮ್ಮವರ ಹೆಗಲ ಮೇಲೆ ಟವೆಲ್ ಇತ್ತು. ಒರೆಸಲಿಲ್ಲ. ಬೆವರುತ್ತ, ಕುಂಟೆ ಒತ್ತುತ್ತ, "ಬರಲಿ, ಬರಲಿ, ಹಂಗೇ ಬರಲಿ" ಎನ್ನುತ್ತಿದ್ದರು. ನನಗೆ ಹೇಳುತ್ತಿದ್ದಾರೋ ಮರಿಗೋ ತಿಳಿಯಲಿಲ್ಲ.

ಮೂರು ಗಂಟೆಯ ಮೇಲೆ, ಏಳು ಸಾಲು ಉಳಿದಿದ್ದಾಗ, ಸೀಟಿನ ಕೆಳಗೆ ಕಟ್ ಎಂದಿತು. ಎಂಜಿನ್ ಓಡುತ್ತಿತ್ತು, ಗಾಲಿ ನಿಂತಿತ್ತು. ಏನಾಯಿತೆಂದು ನನಗೆ ತಿಳಿಯುವ ಮುಂಚೆಯೇ ನಮ್ಮವರು ಬಂದು ಎಂಜಿನ್ ಆರಿಸಿದರು. ನಾನು ಕೆಳಗಿಳಿದೆ. ಅವರ ಮೂರು ವರ್ಷ ನನ್ನ ಕೈಯಲ್ಲಿ ಮುರಿದುಹೋಗಿತ್ತು. ಅಷ್ಟು ಮಂದಿಯ ಮುಂದೆ ಅತ್ತುಬಿಟ್ಟೆ.

"ನಾ ಇನ್ನಾ ಸಾವಕಾಶ ಹೊಡೀಬೇಕಿತ್ತುರಿ. ನಿಮ್ಮ ಕಲ್ಲು ಹೋಯ್ತು."

"ನೀ ಸರೀನೇ ಹೊಡದಿ" ಎಂದರು. ಮೊದಲ ಸಲ ಟವೆಲ್ ತೆಗೆದು ಮುಖ ಒರೆಸಿಕೊಂಡರು, ಮರಿಯದಲ್ಲ, ತಮ್ಮದು. "ಕಲ್ಲಿನ ಮ್ಯಾಲ ಹೆಸರು ಬರೆಯೋದು ಸತ್ತವರಿಗಿ ಬಿಡು."

"ಆ ಗೇರ್ ನಾ ಕಡೀತೀನಿ ಭಾಯಿ. ಆಗ್ತದೋ ಇಲ್ಲೋ, ಆರು ತಿಂಗಳಂತೂ ಹಿಡೀತದ" ಎಂದ ದಸ್ತಗೀರ.

"ಹಿಡೀಲಿ. ಮುಂಜಾನಿ ಎದ್ದು ಮಾಡಲಾಕ ಕೆಲಸಾಯ್ತು."

ಆ ಹೊತ್ತಿಗೇ ಜಟ್ಟೆಪ್ಪನ ಕಾರು ಬಂದು ನಿಂತಿತು. ನನ್ನನ್ನು ಪಂಚಮಿಗೆ ಕರೆಯಲು ವಾಡಿಗೆ ಹೊರಟವನಿಗೆ ನಾನು ಇಲ್ಲೇ ಇರುವ ಸುದ್ದಿ ಸಿಕ್ಕಿತ್ತು. ಇಸ್ತ್ರಿ ಅಂಗಿ, ಒಂದು ಕೈಯಲ್ಲಿ ಉಂಡಿಯ ಬುಟ್ಟಿ, ಇನ್ನೊಂದು ಕೈಯಲ್ಲಿ ಮಡಚಿದ ಕಾಗದ. ಹಿಂದೆ ಅವನ ಹೆಂಡತಿ ಪ್ರೀತಿ, ಹಬ್ಬದ ಹೊಸ ಸೀರೆಯಲ್ಲಿ. ಕಳೆ ಕಡಿದಿದ್ದ ಸಾಲುಗಳನ್ನೆಲ್ಲ ಅವನು ಆ ತುದಿಯಿಂದ ಈ ತುದಿಯ ತನಕ ನೋಡಿದ. ಆಮೇಲೆ ಉಳಿದ ಏಳು ಸಾಲು ಅವನ ಕಣ್ಣಿಗೆ ಬಿದ್ದವು.

"ಅಕ್ಕಾ, ಮಾತಂದ್ರ ಮಾತು ಅಂದಿದ್ದಿ. ಅಲ್ಲಿ ಕಸ ಕಾಣ್ತದ."

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಗಾಡಿಯಿಂದ ಕಳೆ ಕೀಳುವ ಕುರ್ಪಿ ತೆಗೆದುಕೊಂಡು ಮೊದಲ ಸಾಲಿನಲ್ಲಿ ಕುಕ್ಕರಿಸಿದರು. ತೊಂಬತ್ತೈದು ಕಿಲೋ ಮನುಷ್ಯ, ಮೊಣಕಾಲು ನೋವು, ಜೀವನದಲ್ಲಿ ಒಂದು ಕಳೆ ಕಿತ್ತವರಲ್ಲ. "ಪಂಚಮಿ ನಾಳಿಗದ ಜಟ್ಟೆಪ್ಪ. ಇವತ್ತಿಂದು ಹೊತ್ತ ಇನ್ನಾ ಮುಳಗಿಲ್ಲ" ಎಂದು ಕೀಳತೊಡಗಿದರು.

ನಾನು ಎರಡನೇ ಸಾಲಿಗೆ ಕುಳಿತೆ. ದಸ್ತಗೀರ ಲುಂಗಿ ಎತ್ತಿ ಕಟ್ಟಿ ಮೂರನೆಯದಕ್ಕೆ. ಕಣ್ಣು ಕಾಣದ ಅತ್ತೆ ನಾಲ್ಕನೆಯದರಲ್ಲಿ ಎಲೆ ಮುಟ್ಟಿ ಮುಟ್ಟಿ ನೋಡಿ, ತೊಗರಿ ಬಿಟ್ಟು ಕಳೆ ಮಾತ್ರ ಕೀಳುತ್ತ ನಮ್ಮೆಲ್ಲರಿಗಿಂತ ಮುಂದೆ ಹೋದರು.

ಆಗ ಪ್ರೀತಿ ಚಪ್ಪಲಿ ಬಿಟ್ಟಳು. ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಕ್ಕೆ ಇಳಿದಳು.

"ಏ, ಎಲ್ಲಿಗಿ ಹೊಂಟಿ? ಸೀರಿ ಹೊಲಸಾಗ್ತದ!" ಎಂದ ಜಟ್ಟೆಪ್ಪ.

ಪ್ರೀತಿ ಬಾಯಿ ಬಿಟ್ಟು ಮಾತಾಡುವವಳಲ್ಲ. ನಮ್ಮ ಮನೆಗೆ ಬಂದು ಹದಿನಾರು ವರ್ಷದಲ್ಲಿ ಅವಳ ದನಿ ಗಟ್ಟಿಯಾಗಿ ಕೇಳಿದ್ದು ಅಂದೇ. "ಹೋದ ವರ್ಷ ನಾ ನಮ್ಮಣ್ಣಗ ಸಹಿ ಮಾಡಿಕೊಟ್ಟಾಗ ಮೂರು ತಿಂಗಳು ನನಗ ಬೈದ್ರಿ. ನಿಮ್ಮಣ್ಣ ತಂಗಿ ಪಾಲು ನುಂಗಿದ, ಅವ ಮನಿಷಾನೇ ಅಲ್ಲ ಅಂದ್ರಿ. ಈಗ ನಿಮ್ಮ ಕೈಯಾಗ ಇರೋದು ಏನರಿ?"

ಬದುವಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಪ್ರೀತಿ ಉತ್ತರಕ್ಕೆ ಕಾಯಲಿಲ್ಲ, ಐದನೇ ಸಾಲಿನಲ್ಲಿ ಕುಳಿತು ಕಳೆಗೆ ಕೈ ಹಾಕಿದಳು. ಜಟ್ಟೆಪ್ಪ ಕಾಗದ ನೋಡಿದ, ಬುಟ್ಟಿ ನೋಡಿದ, ಫೋನು ತೆಗೆದು ನೋಡಿದ. ಯಾರೂ ಅವನಿಗೆ ಫೋನು ಮಾಡಿರಲಿಲ್ಲ. ಕೊನೆಗೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿ, ಬುಟ್ಟಿಯನ್ನು ಮರಿಯ ಸೀಟಿನ ಮೇಲಿಟ್ಟು, ಪ್ಯಾಂಟು ಮಡಚಿ ಆರನೇ ಸಾಲಿಗೆ ಇಳಿದ.

ಸಿಟ್ಟೋ ನಾಚಿಕೆಯೋ, ಭರಭರ ಕೀಳುತ್ತಿದ್ದ. ಎರಡೂ ಕೈಯಲ್ಲಿ ಕಿತ್ತು ಬದುವಿನ ಕಡೆ ಎಸೆಯುತ್ತಿದ್ದ. ನಾನು ನನ್ನ ಸಾಲು ಮುಗಿಸಿ, ಉಳಿದಿದ್ದ ಏಳನೆಯದರಲ್ಲಿ ಕೀಳುತ್ತ ಹೋಗಿ, ಅವನ ಪಕ್ಕಕ್ಕೆ ಬಂದಾಗ ಸುಮ್ಮನೆ ತಿರುಗಿ ನೋಡಿದೆ. ಅವನ ಮುಷ್ಟಿಯಲ್ಲಿದ್ದ ಕಳೆಯ ನಡುವೆ ನನ್ನ ಮೂರು ಗಿಡ. ಬೇರು ಸಮೇತ.

ಕೈ ಹಿಡಿದು, ಬೆರಳು ಬಿಡಿಸಿ, ಮೂರನ್ನೂ ಬೇರೆ ತೆಗೆದು ಅವನ ಕಣ್ಣ ಮುಂದೆ ಹಿಡಿದೆ.

"ಜಟ್ಟೆಪ್ಪ, ಇದು ತೊಗರಿ."

ಅವನು ಆ ಎಲೆಗಳನ್ನು ನೋಡಿದ. ಆಮೇಲೆ ತಾನು ಕಿತ್ತು ಬಂದ ಸಾಲನ್ನು ತಿರುಗಿ ನೋಡಿದ. ಕಿವಿ ಕೆಂಪಾಗಿದ್ದವು.

"ಗೊತ್ತಾಗಲಿಲ್ಲಕ್ಕಾ" ಎಂದ.

"ಗೊತ್ತದ ನನಗ. ಹಿಂದ ಸರಿ, ನಾ ಮುಂದ ಹೋಗ್ತೀನಿ, ನೋಡಿ ಕೀಳು" ಎಂದು ನಾನು ಅವನ ಸಾಲಿಗೆ ಕಾಲಿಟ್ಟೆ. ಜಟ್ಟೆಪ್ಪ ಕುಕ್ಕರುಗಾಲಲ್ಲೇ ಹಿಂದಕ್ಕೆ ಸರಿದು ನನಗೆ ಜಾಗ ಬಿಟ್ಟ.